ಆರು ಕೊಂಬಿನ ಡಬ್ಬಿ ಮತ್ತು ನನ್ನ ಚಿಕ್ಕಮ್ಮ

ಎಕ್ಸ್-ರೇ ಕೋಣೆಯ ಗೋಡೆಯಲ್ಲಿ ಸೀಸದ ತಗಡು ಇರುತ್ತದೆ. ಒಳಗಿನ ಕಿರಣ ಹೊರಗೆ ಬರಬಾರದೆಂದೇ ಅದನ್ನು ಹಾಕಿರುತ್ತಾರೆ. ಇಷ್ಟು ನಿಮಗೆ ಗೊತ್ತಿರಬೇಕು. ಒಂದು ಮೂಳೆ ಆಸ್ಪತ್ರೆಯ ಮ್ಯಾನೇಜರಿಗೂ ಗೊತ್ತಿತ್ತು, ಸಮಯಕ್ಕೆ ತಲೆಗೆ ಬರಲಿಲ್ಲ. ಬಂದದ್ದು ನನ್ನ ಚಿಕ್ಕಮ್ಮನಿಗೆ.

ಚಿಕ್ಕಮ್ಮ ಅಲ್ಲಿ ಹತ್ತೊಂಬತ್ತು ವರ್ಷದಿಂದ ಆಯಾ. ನೆಲ ಒರೆಸುವುದು ಅರ್ಧ ಕೆಲಸ. ಉಳಿದರ್ಧ, ಕೆಳಗೆ ತೆಗೆದ ಎಕ್ಸ್-ರೇಯನ್ನು ಮೇಲಿನ ಮಹಡಿಯ ಡಾಕ್ಟರಮ್ಮನಿಗೆ ಮುಟ್ಟಿಸುವುದು. ಮೊದಲು ಫಿಲ್ಮು, ಆಮೇಲೆ ಪೆನ್‌ಡ್ರೈವು. ಹೊರೆ ಹಗುರಾಯಿತು, ಮೆಟ್ಟಿಲು ಮಾತ್ರ ಅಷ್ಟೇ ಉಳಿದವು: ಇಪ್ಪತ್ತೆರಡು.

ಕಡೆಗೆ ಎಕ್ಸ್-ರೇ ಕೋಣೆ, ಕಟ್ಟು ಹಾಕುವ ಕೋಣೆ, ಡಾಕ್ಟರಮ್ಮನ ಕೋಣೆಯ ಕಂಪ್ಯೂಟರುಗಳನ್ನು ವೈಫೈನಲ್ಲಿ ಜೋಡಿಸುವುದೆಂದಾಯಿತು. ಚಿತ್ರ ತಾನಾಗಿಯೇ ಮೇಲೆ ಹೋದರೆ ತನ್ನ ಅರ್ಧ ಕೆಲಸ ಹೋದಂತೆಯೇ ಎಂದು ಚಿಕ್ಕಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಮ್ಯಾನೇಜರ್ ಅಂಗಡಿಯ ಅತಿ ದೊಡ್ಡ ರೌಟರನ್ನೇ ತಂದರು. ಮೇಲೆ ಕೊಂಬಿನಂತೆ ಆರು ಆಂಟೆನಾ. ಬೆಲೆಬಾಳುವ ವಸ್ತು ಬೆಲೆಬಾಳುವ ಯಂತ್ರದ ಪಕ್ಕದಲ್ಲೇ ಇರಲಿ ಎಂದು ಎಕ್ಸ್-ರೇ ಕೋಣೆಯಲ್ಲಿಟ್ಟರು. ಬಾಗಿಲು ಹಾಕಿದ ಕೂಡಲೇ ಮೇಲಿನ ಪರದೆ ಖಾಲಿ.

"ಎಂಟು ಕೊಂಬಿಂದು ತರ್ಸೋಣ," ಎಂದರು ಮ್ಯಾನೇಜರ್.

ಚಿಕ್ಕಮ್ಮ ಬಕೆಟ್ಟು ಕೆಳಗಿಟ್ಟಳು. "ಸಾರ್, ಆ ಬಾಗಿಲು ಹಾಕಿದ್ರೆ ನನ್ ಫೋನೂ ಸತ್ತ ಹಾಗೆ. ಗೋಡೇಲಿ ಸೀಸ ಇದೆಯಲ್ಲ! ಎಂಟಲ್ಲ, ಎಂಬತ್ತು ಕೊಂಬಿದ್ರೂ ಗುದ್ದಿ ಗುದ್ದಿ ಸುಸ್ತಾಗ್ಬೇಕಷ್ಟೆ."

"ನೀನು ನೆಲ ಒರ್ಸಮ್ಮ, ನನ್ ತಲೆ ತಿನ್ಬೇಡ."

ಈ ಮಾತು ನೆನೆದರೆ ನನಗೆ ಈಗಲೂ ರಕ್ತ ಕುದಿಯುತ್ತದೆ. ಅವಳು ಕದಲಲಿಲ್ಲ. ಏನಾಯಿತೆಂದು ನೋಡಲು ಕೆಳಗಿಳಿದು ಬಂದಿದ್ದ ಡಾಕ್ಟರಮ್ಮ ಕೇಳಿದರು: "ಮತ್ತೇನ್ ಮಾಡೋಣ, ಆಯಮ್ಮ?"

"ಮಿಷನ್ ವೈರು ಬರೋ ಪೈಪಿದೆಯಲ್ಲ, ವಾರವಾರ ನಾನೇ ಧೂಳು ತೆಗೀತೀನಿ, ಜಾಗ ಇದೆ. ಅದ್ರಲ್ಲೇ ಈ ಕಂಪ್ಯೂಟರಿಂದ ಒಂದು ವೈರು ಆಚೆ ಎಳೀರಿ. ಡಬ್ಬೀನ ಮೆಟ್ಟಿಲು ತಿರುಗೋ ಕಡೆ ಇಡಿ. ಅಲ್ಲಿ ನಿಂತು ನಾನು ಕೂಗಿದ್ರೆ ಮೇಲೂ ಕೇಳ್ಸತ್ತೆ, ಕೆಳಗೂ ಕೇಳ್ಸತ್ತೆ. ಎರಡು ಕೊಂಬಿಂದೇ ಸಾಕು."

ದೊಡ್ಡದನ್ನು ಅಂಗಡಿಗೆ ಹಿಂತಿರುಗಿಸಿ ಚಿಕ್ಕದು ತಂದು, ವೈರು ಎಳೆದು, ಅವಳು ಹೇಳಿದ ಕಡೆಯೇ ಇಟ್ಟರು. ಸೀಸದ ಬಾಗಿಲು ಮುಚ್ಚಿದ್ದರೂ ಒಬ್ಬ ಅಜ್ಜನ ಮುರಿದ ಮಣಿಕಟ್ಟು ಮೇಲಿನ ಪರದೆಯಲ್ಲಿ ಮೂಡಿತು.

ಆ ಸಂಜೆ ನಾನು ರೇಗಿದೆ. "ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ಕೊಂಡ್ಯಲ್ಲ, ಚಿಕ್ಕಮ್ಮ!"

"ಮೂಳೆ ಮುರ್ಕೊಂಡೋರು ಕಾಯ್ತಿರ್ತಾರೆ ಕಣೋ. ನನ್ ಈ ಹಾಳು ಮಂಡಿ ಮೆಟ್ಟಿಲು ಹತ್ತೋವರ್ಗೂ ಅವ್ರು ನರಳ್ಬೇಕಾ?"

ಮರುವಾರವೇ ಮ್ಯಾನೇಜರ್ 'ಆಯಾ ಅರ್ಧ ದಿನ ಬಂದರೆ ಸಾಕು' ಎಂದು ಚೀಟಿ ಬರೆದರು. ಡಾಕ್ಟರಮ್ಮ ಅದನ್ನು ಹರಿದು ಬುಟ್ಟಿಗೆ ಹಾಕಿ, ಅವಳನ್ನು ಕಟ್ಟು ಹಾಕುವ ಕೋಣೆಯ ಕೆಲಸಕ್ಕೆ ಹಾಕಿಕೊಂಡರು. ಮುರಿದ ಕೈಯನ್ನು ನೋಯದಂತೆ ಎತ್ತಿ ಹಿಡಿಯುವುದು ಎಷ್ಟು ಕೊಂಬಿನ ಡಬ್ಬಿಗೂ ಬರುವುದಿಲ್ಲ. ಈಗ ಉಗುರಿನ ಸಂದಿಯಲ್ಲಿ ಬಿಳಿ ಪ್ಲಾಸ್ಟರು ಮೆತ್ತಿಕೊಂಡೇ ಮನೆಗೆ ಬರುತ್ತಾಳೆ. ಅವಳು ನನ್ನ ಚಿಕ್ಕಮ್ಮ ಎಂದು ಎದೆಯುಬ್ಬಿಸಿಯೇ ಬರೆಯುತ್ತಿದ್ದೇನೆ.

ನಿಮ್ಮ ಕಚೇರಿಯಲ್ಲೂ ನೆಲ ಒರೆಸುವವರು ಇದ್ದಾರೆ. ಮುಂದಿನ ಡಬ್ಬಿ ಕೊಳ್ಳುವ ಮುಂಚೆ ಅವರನ್ನು ಕರೆಯಿರಿ. ಕುರ್ಚಿ ಕೊಟ್ಟು ಕೇಳಿ.