ಓಕ್ ಹಲಗೆಗೆ ಬೀಳದೆ ಹೋದ ಪಿಸ್ತೂಲು

ಪಾರ್ಸೆಲ್ ಬಂದದ್ದು ಮಂಗಳವಾರ ಬೆಳಿಗ್ಗೆ. ತಂದುಕೊಟ್ಟ ಹುಡುಗಿ ಇನ್ನೂ ಅಂಗಡಿಯ ಬಾಗಿಲು ದಾಟಿರಲಿಲ್ಲ, ಅಷ್ಟರಲ್ಲೇ ಆರ್ಲನ್ ಸ್ಕ್ಯಾಗ್ಸ್ ಪಿಸ್ತೂಲು ತಯಾರಿಸುವ ಹೋಲ್ಡರ್‌ಬಿ ಕಂಪನಿಯವರ ಅಪ್ಪ, ಅಜ್ಜ, ಮುತ್ತಜ್ಜಂದಿರನ್ನೆಲ್ಲ ಸಾಲಾಗಿ ನಿಲ್ಲಿಸಿ ಉಗಿದು ಮುಗಿಸಿದ್ದ.

ಡಬ್ಬಿಯೊಳಗೆ ಸ್ಪಂಜಿನ ನಡುವೆ ಮಲಗಿತ್ತು ಆ ಪಿಸ್ತೂಲು. ಅಂಗೈಗಿಂತ ಒಂದಿಷ್ಟು ದೊಡ್ಡದು. ಸೊಂಟಕ್ಕೆ ಸಿಕ್ಕಿಸಿ ಮೇಲೆ ಅಂಗಿ ಬಿಟ್ಟರೆ ಅಲ್ಲೊಂದು ಇದೆ ಅಂತ ಯಾರಿಗೂ ತಿಳಿಯದು. ಪುಟ್ಟ ಹಕ್ಕಿಯೊಂದರ ಹೆಸರಿಟ್ಟಿದ್ದರು ಅದಕ್ಕೆ, 'ರೆನ್' ಅಂತ. ಏಳು ತಿಂಗಳ ಹಿಂದೆ ಡೀನಾ ಕಾನ್ಲಿಯ ಎಡಗಾಲಿನ ಮೀನಖಂಡವನ್ನು ಈ ಕಡೆಯಿಂದ ಆ ಕಡೆಗೆ ತೂತು ಮಾಡಿದ ಹಕ್ಕಿ ಇದೇ. ಈಗ ಅದಕ್ಕೆ ಹಗುರವಾದ ಹೊಸ ಟ್ರಿಗರ್ ಹಾಕಿ, ಒಳಗೆ ಹೊಸದೊಂದು ತಡೆ ಕೂರಿಸಿ, ಕಂಪನಿ ವಾಪಸ್ ಕಳಿಸಿತ್ತು. ಜೊತೆಗೆ ಒಂದು ಕಾಗದ, ಒಂದು ಟೋಪಿ.

ಕಾಗದ ಓದುತ್ತ ಓದುತ್ತ ಆರ್ಲನ್‌ನ ಪಿತ್ತ ನೆತ್ತಿಗೇರಿತು. ತಪ್ಪಾಯಿತು ಅನ್ನುವ ಒಂದು ಅಕ್ಷರ ಅದರಲ್ಲಿರಲಿಲ್ಲ. 'ಗ್ರಾಹಕರು ಇಚ್ಛೆಪಟ್ಟಲ್ಲಿ ಮಾಡಿಸಿಕೊಳ್ಳಬಹುದಾದ ಸುಧಾರಣೆ' ಅಂತ ಬರೆದಿದ್ದರು. ಕಾಲು ತೂತಾದವಳು ಇಚ್ಛೆಪಡಬೇಕಂತೆ.

"ಟೋಪಿ ಯಾರಿಗೆ?" ಒಲೆಯ ಪಕ್ಕದ ಕುರ್ಚಿಯಿಂದ ಹೋಬರ್ಟ್ ಫ್ಯೂಗೇಟ್ ಕೇಳಿದ. ಮೂವತ್ತೊಂದು ವರ್ಷ ಕಲ್ಲಿದ್ದಲು ಗಣಿಯಲ್ಲಿ ದುಡಿದು, ಈಗ ಕೆಮ್ಮುತ್ತ ದಿನವೆಲ್ಲ ಇದೇ ಅಂಗಡಿಯಲ್ಲಿ ಕಾಫಿ ಕುಡಿಯುವ ಮುದುಕ.

"ಡೀನಾಗೆ."

"ಕಾಲಿಗೆ ಗುಂಡು ಬಿದ್ರೆ ಟೋಪಿ. ತಲೆಗೆ ಬಿದ್ದಿದ್ರೆ ಬೂಟು ಕಳಿಸ್ತಿದ್ರೇನೋ."

ಆರ್ಲನ್‌ಗೆ ನಗು ಬರಲಿಲ್ಲ. ಟೋಪಿಯನ್ನು ಒಲೆಗೆ ತುರುಕಿದ. ಅದು ಪ್ಲಾಸ್ಟಿಕ್ಕಿನದು, ಅಂಗಡಿಯೆಲ್ಲ ಗಬ್ಬು ಹೊಡೆಯಿತು. ಅದಕ್ಕೂ ಕಂಪನಿಯನ್ನೇ ಬೈದ.

ಪೂರ್ವ ಕೆಂಟಕಿಯ ಆ ಕಣಿವೆ ಊರಿನಲ್ಲಿ ಕೋವಿ ರಿಪೇರಿ ಅಂದರೆ ಆರ್ಲನ್. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನನ್ನು ಡೀನಾಳ ಅಪ್ಪ ಎಸ್ಟಿಲ್ ಕಾನ್ಲಿ ಕರೆದು ತನ್ನ ಕೆಲಸದ ಮೇಜಿನ ಮುಂದೆ ನಿಲ್ಲಿಸಿಕೊಂಡಿದ್ದ. ಅರ ಹಿಡಿಯುವುದು, ಸ್ಪ್ರಿಂಗ್ ಕೂರಿಸುವುದು, ಗಿರಾಕಿ ಕುಡಿದು ಬಂದಿದ್ದರೆ ಅವನ ಕೋವಿಯನ್ನು ನಾಳೆ ಕೊಡುತ್ತೇನೆ ಅನ್ನುವುದು, ಎಲ್ಲ ಕಲಿಸಿದ. ಆಮೇಲೆ ಅಂಗಡಿಯನ್ನೂ ಇವನಿಗೇ ಬಿಟ್ಟು ಸತ್ತ. ಬಿಟ್ಟುಹೋದದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಹಿತ್ತಲ ಶೆಡ್ಡಿನ ಓಕ್ ಹಲಗೆ. ಯಾವ ಹೊಸ ಮಾದರಿ ಬಂದರೂ ಗಾಜಿನ ಪೆಟ್ಟಿಗೆಗೆ ಹೋಗುವ ಮೊದಲು ಆ ಹಲಗೆಯ ಮೇಲೆ ಬೀಳಬೇಕು. ಮದ್ದು, ಗುಂಡು ಎರಡೂ ಇಲ್ಲದ, ತಳದಲ್ಲಿ ಕಿಡಿ ಹೊತ್ತಿಸುವ ಕೇಪು ಮಾತ್ರ ಇರುವ ಖಾಲಿ ತೋಟಾ ಹಾಕಿ, ಸೊಂಟದೆತ್ತರದಿಂದ ಕೈಬಿಡುವುದು. ಮೂತಿ ಕೆಳಗಾಗಿ, ಹಿಡಿ ಕೆಳಗಾಗಿ, ಎರಡು ಮಗ್ಗುಲು, ಆಮೇಲೆ ಹಿಂಬದಿಯ ಮೂಲೆ ಓರೆಯಾಗಿ. ಕೇಪು 'ಪಟ್' ಅಂದರೆ ಆ ಮಾದರಿ ಅಂಗಡಿಯಲ್ಲಿ ಇಲ್ಲ. ಮನುಷ್ಯರ ಕೈಯಿಂದ ಜಾರುವ ವಸ್ತು ಅಳತೆ ನೋಡಿಕೊಂಡು ಬೀಳುವುದಿಲ್ಲ ಕಣೋ ಅನ್ನುತ್ತಿದ್ದ ಎಸ್ಟಿಲ್.

ಊರಿಗೆಲ್ಲ ಇದು ಗೊತ್ತು. ಪತ್ರಿಕೆಯಲ್ಲಿ ಏನೇ ಹೊಗಳಿದ್ದರೂ ಜನ ಕೌಂಟರಿನಲ್ಲಿ ಕೇಳುತ್ತಿದ್ದದ್ದು ಒಂದೇ ಮಾತು, ಹಲಗೆಗೆ ಬಿದ್ದಿದೆಯಾ ಅಂತ. ಬಿದ್ದಿದೆ ಅಂತ ಆರ್ಲನ್ ಅಂದರೆ ಮುಗಿಯಿತು.

ರೆನ್ ಮೊದಲ ಸಲ ಮಾರಾಟಕ್ಕೆ ಬಂದಾಗ ಆದದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ. ಕಂಪನಿ ಆರು ತಿಂಗಳಿಂದ ಡಂಗುರ ಹೊಡೆಸಿತ್ತು. ಅಂಗಡಿಗೆ ಕೊಟ್ಟದ್ದು ಹದಿನಾಲ್ಕು, ಹದಿನಾಲ್ಕಕ್ಕೂ ಮೊದಲೇ ಹೆಸರು ಬಿದ್ದಿತ್ತು. ಆ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಜನ ಸಾಲು ನಿಂತಿದ್ದರು. ಆರ್ಲನ್ ಪೆಟ್ಟಿಗೆ ಒಡೆದದ್ದು ಅವರ ಕಣ್ಣ ಮುಂದೆ, ಕೌಂಟರಿನ ಮೇಲೆ. ಸಾಲಿನಲ್ಲಿ ಮೊದಲು ನಿಂತಿದ್ದವಳು ಡೀನಾ.

"ಮಾಮ, ಹಲಗೆಗೆ ಬಿದ್ದಿದೆಯಾ?"

"ಬಿದ್ದಿದೆ. ತಗೋ."

ಪೆಟ್ಟಿಗೆ ಒಡೆದು ಐದು ನಿಮಿಷವೂ ಆಗಿರಲಿಲ್ಲ. ಸಂಜೆ ಬೀಳಿಸಿದರಾಯಿತು ಅಂದುಕೊಂಡ. ಸಂಜೆಯ ಹೊತ್ತಿಗೆ ಹದಿನಾಲ್ಕೂ ಹೋಗಿದ್ದವು.

ಡೀನಾ ರಸ್ತೆಯಲ್ಲಿ ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವ ಲಾರಿ ಓಡಿಸುತ್ತಾಳೆ. ನಲವತ್ತೊಂದು ವರ್ಷ, ಒಂಟಿ ಹೆಂಗಸು, ಹೊತ್ತಲ್ಲದ ಹೊತ್ತಿನಲ್ಲಿ ಗುಡ್ಡದ ರಸ್ತೆ. ಬಿಟ್ಟ ಗಂಡ ಡಾರೆಲ್ ಐನೂರು ಅಡಿ ಹತ್ತಿರ ಬರಕೂಡದು ಅಂತ ಕೋರ್ಟು ಆಜ್ಞೆ ಮಾಡಿತ್ತು. ಅವನು ಅಳೆದು ನೋಡಿ ಐನೂರ ಒಂದನೇ ಅಡಿಯಲ್ಲಿ ತನ್ನ ಗಾಡಿ ನಿಲ್ಲಿಸಿ, ಇವಳ ಅಂಗಳದ ಕಡೆಗೆ ಮುಖ ಮಾಡಿ ಕೂರುತ್ತಿದ್ದ. ರೆನ್ ಕೊಂಡ ಮೂರನೇ ವಾರ ಡೀನಾ ಲಾರಿಯಿಂದ ಇಳಿಯುವಾಗ ಸೊಂಟದ ಕ್ಲಿಪ್ಪು ಬಾಗಿಲಿಗೆ ಸಿಕ್ಕಿತು, ಪಿಸ್ತೂಲು ಜಾರಿ ಕಬ್ಬಿಣದ ಮೆಟ್ಟಿಲ ಮೇಲೆ ಹಿಂಬದಿಯ ಮೂಲೆ ಊರಿ ಬಿತ್ತು. ಟ್ರಿಗರನ್ನು ಯಾರೂ ಮುಟ್ಟಿರಲಿಲ್ಲ. ಬಿದ್ದ ಏಟಿಗೆ ಟ್ರಿಗರ್ ತನ್ನ ಭಾರಕ್ಕೆ ತಾನೇ ಹಿಂದೆ ಸರಿದು ಗುಂಡು ಹಾರಿತ್ತು.

ಆಮೇಲಿಂದ ಅವಳು ಆರ್ಲನ್ ಕೊಟ್ಟ ಹಳೆಯ ರಿವಾಲ್ವರೊಂದನ್ನು ಇಟ್ಟುಕೊಂಡಿದ್ದಳು. ಅವಳ ಕೈ ಚಿಕ್ಕದು, ಅದರ ಟ್ರಿಗರ್ ಎಳೆಯಲು ಎರಡು ಬೆರಳು ಬೇಕು. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಮಂಗಳವಾರ ಮಧ್ಯಾಹ್ನ ಅವಳೇ ಫೋನ್ ಮಾಡಿದಳು.

"ಬಂತಾ ಮಾಮ?"

"ಬಂತು."

"ಹಲಗೆಗೆ ಹಾಕಿ ನೋಡು. ನೀನು ಸರಿ ಅಂದ್ರೆ ಇಟ್ಕೋತೀನಿ. ಆ ಕಂಪನಿಯೋರು ಬೈಬಲ್ ಮುಟ್ಟಿ ಹೇಳಿದ್ರೂ ನಂಗೆ ಬೇಡ."

ನೀನು ಸರಿ ಅಂದರೆ. ಆ ಮಾತು ಆರ್ಲನ್‌ನ ಎದೆಗೆ ಗುದ್ದಿದ ಹಾಗಾಯಿತು. ಫೋನ್ ಇಟ್ಟು ಹಿತ್ತಲಿಗೆ ಹೋದ.

ಮೊದಲು ಹಳೆಯದನ್ನು ಬೀಳಿಸಿದ. ಕಂಪನಿಗೆ ವಾಪಸ್ ಕಳಿಸದೆ ಗಿರಾಕಿಯೊಬ್ಬ ಅಂಗಡಿಯಲ್ಲೇ ಬಿಟ್ಟುಹೋಗಿದ್ದ ಮೊದಲಿನ ರೆನ್ ಅದು. ಹಿಂಬದಿಯ ಮೂಲೆಗೆ ಎರಡನೇ ಸಲ ಬೀಳುತ್ತಲೇ 'ಪಟ್' ಅಂದಿತು. ಎರಡನೇ ಸಲ. ಅವತ್ತು ಹತ್ತು ನಿಮಿಷ ಸಾಲನ್ನು ಹೊರಗೆ ನಿಲ್ಲಿಸಿದ್ದರೆ ಸಾಕಿತ್ತು. ಆರ್ಲನ್ ಹಲ್ಲು ಕಡಿದು ಹೊಸದನ್ನು ಎತ್ತಿಕೊಂಡ. ಇದೂ ಪಟ್ ಅನ್ನಲಿ, ಆ ನನ್ನ ಮಕ್ಕಳ ಜನ್ಮ ಜಾಲಾಡುತ್ತೇನೆ ಅಂದುಕೊಂಡು ಕೈಬಿಟ್ಟ.

ಅನ್ನಲಿಲ್ಲ. ನಲವತ್ತು ಸಲ ಬೀಳಿಸಿದ, ಅನ್ನಲಿಲ್ಲ. ಬುಧವಾರ ಕೇಪು ಬದಲಾಯಿಸಿ ನೂರು ಸಲ ಬೀಳಿಸಿದ. ಎದೆಯೆತ್ತರದಿಂದ ಬೀಳಿಸಿದ. ಮರದ ಸುತ್ತಿಗೆಯಿಂದ ಹಿಂಬದಿಗೆ ಬಡಿದ. ಜೊಂಡಿನ ಮೇಲೆ ಕಲ್ಲು ಹಾಕಿದ ಹಾಗೆ, ಕೇಪಿನ ಸದ್ದೇ ಇಲ್ಲ. ಪ್ರತಿ ಸಲ ಸುಮ್ಮನಾದಾಗಲೂ ಅವನ ಸಿಟ್ಟು ಇನ್ನೊಂದು ಗೇಣು ಏರಿತು. ಸರಿಯಾಗಿ ಮಾಡುವುದು ಗೊತ್ತಿದ್ದವರು ಮೊದಲೇ ಯಾಕೆ ಮಾಡಲಿಲ್ಲ? ಗೊಣಗುಟ್ಟುತ್ತ ಬೀಳಿಸಿದ, ಎತ್ತಿದ, ಬೀಳಿಸಿದ.

"ಎಷ್ಟಾಯ್ತು?" ಹಿತ್ತಲ ಬಾಗಿಲಲ್ಲಿ ನಿಂತು ಹೋಬರ್ಟ್ ಕೇಳಿದ.

"ನಿಂಗ್ಯಾಕೆ?"

"ನಂಗೇನಿಲ್ಲಪ್ಪ. ಆ ಪಿಸ್ತೂಲೇ ಬೇಸತ್ತು ನಿಂಗೆ ಹೊಡೆದುಬಿಟ್ಟೀತು ಅಂತ."

ಗುರುವಾರ ಕಂಪನಿಯ ಆಳು ಬಂದ. ಟ್ರೆಂಟ್ ಬ್ಯಾಲಾರ್ಡ್ ಅಂತ ಹೆಸರು, ಇಸ್ತ್ರಿ ಅಂಗಿ, ಬೆಣ್ಣೆಯಂಥ ಮಾತು. ಹೊಸ ರೆನ್‌ನ ದೊಡ್ಡ ಚಿತ್ರವೊಂದನ್ನು ಸುರುಳಿ ಸುತ್ತಿ ತಂದಿದ್ದ, ಕಿಟಕಿಗೆ ಅಂಟಿಸಲು.

"ಅದನ್ನ ಬಿಚ್ಚಬೇಡ," ಅಂದ ಆರ್ಲನ್. "ಮೊದಲು ಹೇಳು, ಹಳೇದನ್ನ ಹೆಂಗೆ ಬೀಳಿಸಿ ನೋಡಿದ್ರಿ?"

"ನಿಯಮದ ಪ್ರಕಾರ ಸರ್. ಆರು ದಿಕ್ಕಿನಿಂದ, ರಬ್ಬರ್ ಹಾಸಿನ ಮೇಲೆ. ಎಲ್ಲಾದ್ರಲ್ಲೂ ಪಾಸಾಗಿತ್ತು."

"ಮೂಲೆಗೆ?"

"ನಿಯಮದಲ್ಲಿ ಮೂಲೆ ಇಲ್ಲ ಸರ್."

"ಓಹೋ. ಡೀನಾ ಲಾರಿಯಿಂದ ಇಳಿಯೋವಾಗ ನಿಮ್ಮ ನಿಯಮ ಓದ್ಕೊಂಡು ಇಳೀಬೇಕಿತ್ತು. ಅವಳದೇ ತಪ್ಪು ಬಿಡು. ಹಾಸು ಬೇರೆ ಹಾಸಿರಲಿಲ್ಲ ಅವಳು."

"ಅದಕ್ಕೇ ಸರ್ ಸುಧಾರಣೆ ಮಾಡಿರೋದು."

"ಸುಧಾರಣೆ ಅಂತೆ. ತಪ್ಪಾಯ್ತು ಅನ್ನೋಕೆ ನಿಮ್ಮೋರಿಗೆ ನಾಲಗೆ ತಿರುಗಲ್ವಾ? ನನ್ನ ಹಲಗೆ ಮೇಲೆ ಎರಡೇ ಸಲ, ಎರಡೇ ಸಲಕ್ಕೆ ಸಿಡೀತು ನಿಮ್ಮ ಹಳೇದು."

ಟ್ರೆಂಟ್ ನಿಜವಾಗಿಯೂ ಆಶ್ಚರ್ಯದಿಂದ ಅವನ ಮುಖ ನೋಡಿದ. "ಹೌದಾ ಸರ್? ಹಂಗಾದ್ರೆ ಮಾರೋಕೆ ಮುಂಚೆನೇ ನಿಮಗೆ ಗೊತ್ತಾಗಿತ್ತಲ್ಲ. ಅವತ್ತೇ ನಮಗೊಂದು ಫೋನ್ ಮಾಡಿದ್ರೆ..."

ಹುಡುಗನಿಗೆ ಕುಹಕ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಆರ್ಲನ್ ತಿರುಗಿ ಬೈದು ಹಗುರಾಗುತ್ತಿದ್ದ. ಈಗ ಚಿತ್ರದ ಸುರುಳಿಯನ್ನು ಕಿತ್ತುಕೊಂಡು ಬಾಗಿಲಾಚೆ ಎಸೆದ.

"ನಡಿ. ಇನ್ನೊಂದು ಸಲ ಈ ಮೆಟ್ಟಿಲು ಹತ್ತಬೇಡ."

ಗಾಡಿ ಹೋದ ಮೇಲೆ ಹೋಬರ್ಟ್ ಕಾಫಿ ಊದುತ್ತ ಇವನನ್ನೇ ನೋಡುತ್ತಿದ್ದ. ಆ ನೋಟಕ್ಕೂ ಆರ್ಲನ್‌ಗೆ ಮೈ ಉರಿಯಿತು.

ಶುಕ್ರವಾರ ಹತ್ತು ಗಂಟೆಗೆ ಡೀನಾಳ ಲಾರಿ ಅಂಗಡಿಯ ಮುಂದೆ ನಿಂತಿತು. ಎಡಗಾಲು ಎಳೆಯುತ್ತ ಒಳಗೆ ಬಂದಳು, ಕೂರು ಅಂದರೆ ಕೂರಲಿಲ್ಲ.

"ನಿನ್ನೆ ಡಾರೆಲ್ ಗೇಟಿನ ತನಕ ಬಂದಿದ್ದ," ಅಂದಳು. "ಗೇಟು ಹಿಡ್ಕೊಂಡು ನಿಂತಿದ್ದ ನಗ್ತಾ. ಶೆರಿಫ್ ಕಚೇರಿಗೆ ಫೋನ್ ಮಾಡ್ದೆ. ಬರ್ಕೊಂಡಿದೀವಿ ಅಂದ್ರು. ಬರ್ಕೊಂಡು ಏನ್ಮಾಡ್ತಾರೆ, ಉಪ್ಪಿನಕಾಯಿ ಹಾಕ್ತಾರಾ? ಮಾಮ, ಪಿಸ್ತೂಲು ಕೊಡು."

"ಇನ್ನೊಂದು ವಾರ ಇರಲಿ. ಇನ್ನೂ ನೋಡ್ತಾ ಇದೀನಿ."

"ಏನು ನೋಡ್ತಾ ಇದೀಯ? ಮುನ್ನೂರು ಸಲ ಬೀಳಿಸಿದಾನೆ ಅಂತ ಹೋಬರ್ಟ್ ಹೇಳಿದ. ಒಂದು ಸಲನಾದ್ರೂ ಸಿಡೀತಾ?"

"ಕಂಪನಿಯೋರನ್ನ ನಂಬೋಕಾಗಲ್ಲ ಕಣಮ್ಮ."

"ನಾನು ಕಂಪನಿ ಕೇಳಿದ್ನಾ? ಸಿಡೀತಾ ಅಂತ ಕೇಳ್ದೆ."

"ಇಲ್ಲ."

"ಹಂಗಾದ್ರೆ ಸರಿಯಿದೆ ಅನ್ನು. ಇಲ್ಲಾ, ಸರಿಯಿಲ್ಲ ಅನ್ನು, ಬೇರೆ ದಾರಿ ನೋಡ್ಕೋತೀನಿ. ನಿನ್ನ ಸಿಟ್ಟು ತಣ್ಣಗಾಗೋ ತನಕ ಡಾರೆಲ್ ಕಾಯ್ತಾನಾ?"

ಆರ್ಲನ್ ಕೌಂಟರಿನ ಅಂಚು ಹಿಡಿದುಕೊಂಡ. "ಸರಿಯಿದೆ," ಅಂದ. "ಈ ಹೊಸದು ಸರಿಯಿದೆ. ಮೂರು ದಿನದಿಂದ ನಂಗೊತ್ತು."

"ಮತ್ತೆ ಯಾಕೆ ಸತಾಯಿಸ್ದೆ?"

"ಹಳೇದನ್ನ ನಾನು ಬೀಳಿಸಿರಲಿಲ್ಲ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಸಾಲು ಹೇಗಿತ್ತು, ಅವಳು ಏನು ಕೇಳಿದಳು, ತಾನು ಏನಂದ, ಈ ಮಂಗಳವಾರ ಹಳೆಯದು ಎಷ್ಟನೇ ಸಲಕ್ಕೆ ಸಿಡಿಯಿತು. ತಲೆ ಎತ್ತಿಯೇ ಹೇಳಿದ, ಆದರೆ ಅವಳ ಕಣ್ಣನ್ನಲ್ಲ, ಕುತ್ತಿಗೆಯನ್ನು ನೋಡಿಕೊಂಡು ಹೇಳಿದ.

ಡೀನಾ ದನಿ ಏರಿಸಲಿಲ್ಲ.

"ಆಸ್ಪತ್ರೆಗೆ ಬಂದು ನನ್ನ ಕೈ ಹಿಡ್ಕೊಂಡು ಕಂಪನಿಯೋರನ್ನ ಬೈದೆ. ಒಂದು ಗಂಟೆ ಬೈದೆ. ನರ್ಸ್ ಬಂದು ಮೆಲ್ಲಗೆ ಮಾತಾಡಿ ಅಂದ್ಲು. ನಂಗೆ ಎಷ್ಟು ಸಮಾಧಾನ ಆಗಿತ್ತು ಗೊತ್ತಾ, ನನ್ನ ಪರ ಒಬ್ಬ ಇದಾನೆ ಅಂತ."

"ತಪ್ಪಾಯ್ತು ಡೀನಾ."

"ಅವರೂ ಸುಳ್ಳು ಹೇಳಿದ್ರು, ನೀನೂ ಹೇಳ್ದೆ. ಅವರು ಪರವಾಗಿಲ್ಲ, ಅವರ ಮುಖ ನಾನು ನೋಡಿಲ್ಲ." ಕೈ ಚಾಚಿದಳು. "ಕೊಡಿಲ್ಲಿ. ಒಂದು ಕೇಪಿನ ತೋಟಾನೂ ಕೊಡು."

ಆರ್ಲನ್ ಪಿಸ್ತೂಲಿನಲ್ಲಿ ತೋಟಾ ಕೂರುವ ಗೂಡು ತೆರೆದು, ಖಾಲಿಯಿದೆಯಾ ಅಂತ ಒಳಗೆ ಬೆರಳಿಟ್ಟು ನೋಡಿ, ತೆರೆದ ಹಾಗೇ ಕೊಟ್ಟ. ಅವಳೂ ಬೆರಳಿಟ್ಟು ನೋಡಿದಳು. ಆಮೇಲೆ ಹೊರಗೆ ಹೋದಳು, ಹಿತ್ತಲಿಗಲ್ಲ, ತನ್ನ ಲಾರಿಯ ಹತ್ತಿರ. ಕೇಪು ಹಾಕಿ, ಸೊಂಟದೆತ್ತರ ಹಿಡಿದು, ಅದೇ ಕಬ್ಬಿಣದ ಮೆಟ್ಟಿಲ ಮೇಲೆ ಮೂಲೆ ಊರುವ ಹಾಗೆ ಬಿಟ್ಟಳು. ಕಣ್ಣು ಮುಚ್ಚಿಕೊಂಡದ್ದು ಮೊದಲ ಸಲ ಮಾತ್ರ. ಇಪ್ಪತ್ತು ಸಲ ಬೀಳಿಸಿದಳು. ಬಗ್ಗಿ ಎತ್ತುವಾಗಲೆಲ್ಲ ಎಡಗಾಲು ನಡುಗುತ್ತಿತ್ತು. ಆರ್ಲನ್ ಎತ್ತಿಕೊಡಲು ಒಂದು ಹೆಜ್ಜೆ ಮುಂದಿಟ್ಟ.

"ಅಲ್ಲೇ ನಿಲ್ಲು," ಅಂದಳು.

ಕೊನೆಗೆ ನಿಜವಾದ ತೋಟಾಗಳನ್ನು ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಲಾರಿ ಹತ್ತಿ ಕೂತು ಕಿಟಕಿ ಇಳಿಸಿದಳು.

"ಉಳಿದ ಹದಿಮೂರು ಜನಕ್ಕೆ ನೀನೇ ಹೇಳು. ಭಾನುವಾರ ಚರ್ಚಿಗೆ ಬರೋ ಹೊತ್ತಿಗೆ ಅವರಿಗೆ ಗೊತ್ತಿರಬೇಕು. ಇಲ್ಲಾಂದ್ರೆ ನಾನು ಹೇಳ್ತೀನಿ, ನಾನು ಹೇಳೋದು ಚೆನ್ನಾಗಿರಲ್ಲ."

"ಹೇಳ್ತೀನಿ. ಮುಂದಿನ ತಿಂಗಳು ಎಣ್ಣೆ ಹಾಕಿಸೋಕೆ ಬಾ."

"ನಾನೇ ಹಾಕ್ಕೋತೀನಿ," ಅಂದು ಹೊರಟಳು.

ಆರ್ಲನ್ ಒಳಗೆ ಬಂದರೆ, ಕೂತಲ್ಲೇ ಎಲ್ಲ ಕೇಳಿಸಿಕೊಂಡಿದ್ದ ಹೋಬರ್ಟ್ ಕುರ್ಚಿಯಿಂದ ಎದ್ದು ಕೌಂಟರಿನ ಮುಂದೆ ನಿಂತಿದ್ದ. ಹದಿಮೂರರಲ್ಲಿ ಒಂದು ಅವನದೇ. ಹೋದ ತಿಂಗಳಷ್ಟೇ ಕಂಪನಿಯಿಂದ ಹೊಸ ಟ್ರಿಗರ್ ಹಾಕಿಸಿಕೊಂಡು ಬಂದದ್ದು. ಸೊಂಟದಿಂದ ತೆಗೆದು, ತೋಟಾ ಖಾಲಿ ಮಾಡಿ, ಕೌಂಟರಿನ ಮೇಲೆ ಇಟ್ಟ.

"ಇದನ್ನ ಬೀಳಿಸಿದೀನಿ ಅಂತ ಹೋದ ತಿಂಗಳು ಹೇಳ್ದೆಯಲ್ಲ?"

"ಇದನ್ನ ಬೀಳಿಸಿದೀನಿ. ದೇವರಾಣೆ."

"ದೇವರನ್ನ ಬಿಡು ಪಾಪ. ನಡಿ, ನಾನು ನಿಂತು ನೋಡ್ತೀನಿ."

ಆರ್ಲನ್‌ಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅಂಗಡಿ ಕೈಗೆ ಬಂದ ಇಪ್ಪತ್ತಾರು ವರ್ಷದಲ್ಲಿ ಅವನ ಕೆಲಸವನ್ನು ಯಾರೂ ನಿಂತು ನೋಡಿರಲಿಲ್ಲ. ಬೈಗುಳ ಗಂಟಲ ತನಕ ಬಂತು. ನುಂಗಿಕೊಂಡು ಹಿತ್ತಲ ಬಾಗಿಲು ತೆರೆದ. ಹೋಬರ್ಟ್ ಕೈಕಟ್ಟಿ ನಿಂತು, ಕೆಮ್ಮುತ್ತ, ಒಂದೊಂದನ್ನೂ ಗಟ್ಟಿಯಾಗಿ ಎಣಿಸಿದ.

ಮಧ್ಯಾಹ್ನ ಆರ್ಲನ್ ಫೋನಿನ ಮುಂದೆ ಕೂತ. ಮೊದಲನೆಯವನು ಶಾಲಾ ಬಸ್ಸಿನ ಡ್ರೈವರ್, ಪೂರ್ತಿ ಕೇಳಿಸಿಕೊಂಡು ಹಂಗಾ ಅಂದ, ಅಷ್ಟೇ. ಎರಡನೆಯವನು ಆರ್ಲನ್‌ನ ತಾಯಿಯನ್ನೂ ಸೇರಿಸಿ ಬೈದ. ಆರ್ಲನ್‌ನ ಕಿವಿ ಕೆಂಪಾಯಿತು, ಮುಷ್ಟಿ ಬಿಗಿಯಿತು. ಆದರೂ ಅವನು ಬೈದು ಮುಗಿಸಿ ಫೋನ್ ಕುಕ್ಕುವ ತನಕ ಕಾದ. ಆಮೇಲೆ ಮೂರನೆಯವನ ನಂಬರ್ ಒತ್ತಿದ.