ಓವೆನ್‌ನ ಮನೆಗೆ ಮಾತಾಡಿಸಲು ಹೋದದ್ದು

ಕಾರ್ಡಿಫ್‌ಗೆ ಹೋದ ಮೇಲೆ ತರಗತಿಯಲ್ಲಿ ನಾನು ಬರೆದ ಮೊದಲ ಮಾತಿಗೆ ಉತ್ತರ ಬಂದದ್ದು ತೀರಿಕೊಂಡ ಹುಡುಗನ ಹೆಸರಿನಿಂದ. ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ನಾನು ಬೈಲಹೊಂಗಲದಲ್ಲಿದ್ದು ಕಿತ್ತೂರು, ಸವದತ್ತಿ, ರಾಮದುರ್ಗಗಳ ಸುದ್ದಿಯನ್ನು ಬೆಳಗಾವಿಯ ದಿನಪತ್ರಿಕೆಯೊಂದಕ್ಕೆ ಕಳಿಸುತ್ತಿದ್ದವಳು. ವಿದ್ಯಾರ್ಥಿವೇತನ ಸಿಕ್ಕಿ ಒಂದು ವರ್ಷದ ಪತ್ರಿಕೋದ್ಯಮ ಕೋರ್ಸಿಗೆ ವೇಲ್ಸ್‌ಗೆ ಹೋದೆ. ವೀಸಾ ತಡವಾಯಿತು. ನಾನು ತಲುಪುವಾಗ ಪಾಠಗಳು ಶುರುವಾಗಿ ತಿಂಗಳಾಗಿತ್ತು. ಬಾಡಿಗೆ ಕೋಣೆಯ ಗೋಡೆ ಎಷ್ಟು ತೆಳುವೆಂದರೆ, ಅಕ್ಕ ಕಟ್ಟಿಕೊಟ್ಟ ಖಡಕ್ ರೊಟ್ಟಿ ಮುರಿದ ಸದ್ದು ಪಕ್ಕದವರಿಗೆ ಕೇಳೀತೆಂದು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದೆ.

ಅಲ್ಲಿ ಪಾಠ ಅರ್ಧ ಕೋಣೆಯಲ್ಲಿ, ಅರ್ಧ ಕಂಪ್ಯೂಟರಿನಲ್ಲಿ. ತರಗತಿಗೊಂದು ಚರ್ಚಾ ಫಲಕವಿತ್ತು. ಒಬ್ಬರು ಪ್ರಶ್ನೆ ಬರೆದರೆ ಉಳಿದವರ ಉತ್ತರ ಅದರ ಕೆಳಗೆ ಪೋಣಿಸಿಕೊಂಡು ಬರುತ್ತದೆ. ಆ ಸರಕ್ಕೆ ಅವರು ಥ್ರೆಡ್ ಅನ್ನುತ್ತಾರೆ. ಬೈಲಹೊಂಗಲದ ತಹಶೀಲ್ದಾರ ಕಚೇರಿಯಲ್ಲಿ ದಾರಿ ತಪ್ಪಿದರೆ ಚಹಾ ಕುಡಿಯುತ್ತಿದ್ದ ಯಾರಾದರೂ ಎದ್ದು ಬಂದು ಬಾಗಿಲವರೆಗೆ ಬಿಟ್ಟು ಹೋಗುತ್ತಾರೆ. ಈ ಫಲಕದಲ್ಲಿ ಎದ್ದು ಬರುವವರಿಲ್ಲ. ಯಾವ ಗುಂಡಿ ಒತ್ತಿದರೂ ಮತ್ತೊಂದು ಪಟ್ಟಿ ತೆರೆಯುತ್ತಿತ್ತು. ಹೋಮ್‌ವರ್ಕ್ ಎಲ್ಲಿ ಸಲ್ಲಿಸಬೇಕೆಂಬುದೇ ತಿಳಿಯದೆ ಒಂದು ವಾರ ಕಳೆಯಿತು.

ಹುಡುಕುತ್ತ ಹೋದಾಗ ಕೆಳಗೆಲ್ಲೋ ಓವೆನ್ ಎಂಬವನು ಶುರುಮಾಡಿದ ಥ್ರೆಡ್ ಸಿಕ್ಕಿತು. ‘ನನ್ನಂತೆ ಕಳೆದುಹೋದವರಿಗೆ’ ಎಂದು ತಲೆಬರಹ. ಮೊದಲು ಓದದೆ ಉಳಿದ ಥ್ರೆಡ್‌ಗಳನ್ನು ಮಾತ್ರ ತೆರೆಯಿರಿ, ಹೆದರಬೇಡಿ, ಇಲ್ಲಿ ಒತ್ತಿದ ಯಾವುದೂ ಒಡೆಯುವುದಿಲ್ಲ ಎಂದು ಬಿಡಿಸಿ ಬರೆದಿದ್ದ. ಅವನು ಹೇಳಿದಂತೆ ಮಾಡಿದೆ, ದಾರಿ ಸಿಕ್ಕಿತು. ಉಪಕಾರ ಮಾಡಿದವನಿಗೆ ನಮ್ಮ ಕಡೆಯ ರೀತಿಯಲ್ಲೇ ಬರೆದೆ: ‘ಬಹಳ ಉಪಕಾರವಾಯಿತು, ಓವೆನ್. ನೀವು ಆರಾಮವಾಗಿದ್ದೀರಾ? ಮನೆಯಲ್ಲಿ ಎಲ್ಲರೂ ಕ್ಷೇಮವೇ?’

ಹೊಸ ಉತ್ತರ ಬಿದ್ದ ಥ್ರೆಡ್ ಫಲಕದ ನೆತ್ತಿಗೆ ಏರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಮರುದಿನ ಇಡೀ ತರಗತಿ ಕಂಪ್ಯೂಟರ್ ತೆರೆದಾಗ ಮೊದಲು ಕಂಡದ್ದು ಓವೆನ್‌ನ ಹೆಸರು. ನನ್ನ ಪಕ್ಕದ ಕುರ್ಚಿ ಖಾಲಿ ಉಳಿಯಿತು. ಮಧ್ಯಾಹ್ನ ಅವನ ಹೆಸರಿನಿಂದಲೇ ಉತ್ತರ ಬಂತು: ‘ಮನೆಯಲ್ಲಿ ಯಾರೂ ಕ್ಷೇಮವಾಗಿಲ್ಲ. ಕೇಳಿದ್ದಕ್ಕೆ ಧನ್ಯವಾದ. ಓವೆನ್‌ನ ತಾಯಿ.’

ಪ್ರಾಧ್ಯಾಪಕಿ ನನ್ನನ್ನು ಕರೆದು ಕೂರಿಸಿದರು. ನಾನು ಬರುವ ಮೊದಲೇ ಓವೆನ್ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದ. ಅವನ ಹೆಸರಿನಲ್ಲೇ ಫಲಕ ತೆರೆದಿದ್ದ ಅವನ ಕಂಪ್ಯೂಟರನ್ನು ತಾಯಿ ಮುಚ್ಚಿರಲಿಲ್ಲ. ಹುಡುಗರಿಗೆ ಸಂಕಟವಾಗುತ್ತಿದೆ, ಶುಕ್ರವಾರ ಆ ಥ್ರೆಡ್ ತೆಗೆಯುತ್ತೇವೆ ಎಂದರು.

ಊರಲ್ಲಿ ನಾನು ಎಷ್ಟೋ ನಿಧನ ವಾರ್ತೆ ಬರೆದಿದ್ದೇನೆ. ಹೆಸರು, ವಯಸ್ಸು, ಬಂಧುಗಳು, ಅಂತ್ಯಕ್ರಿಯೆಯ ಸಮಯ. ಮರುದಿನ ಆ ಕಾಗದದಲ್ಲಿ ಯಾರೋ ಚುರುಮರಿ ಕಟ್ಟಿ ಕೊಡುತ್ತಾರೆ. ಫಲಕದಲ್ಲಿ ಹಾಗಲ್ಲ. ಸತ್ತವನು ‘ಹೆದರಬೇಡಿ’ ಎಂದು ವರ್ತಮಾನಕಾಲದಲ್ಲಿ ಹೇಳುತ್ತಲೇ ಇರುತ್ತಾನೆ.

ಫೋನಿನಲ್ಲಿ ಅಕ್ಕನಿಗೆ ಎಲ್ಲ ಹೇಳಿದೆ.

“ಮತ್ತ ಮಾತಾಡ್ಸಾಕ ಹೋಗಿ ಬಂದೇನು?” ಎಂದಳು. ಸಾವಾದ ಮನೆಗೆ ಹೋಗಿ ಕೂತು ಬರುವುದಕ್ಕೆ ನಮ್ಮಲ್ಲಿ ಮಾತಾಡಿಸುವುದು ಎನ್ನುತ್ತಾರೆ.

“ಗುರುತಿಲ್ಲ ಪರಿಚಯಿಲ್ಲ, ಹೆಂಗ ಹೋಗ್ಲಿ ಅಕ್ಕಾ?”

“ಖೋಡಿ! ಮನ್ಯಾಗ ಆರಾಮ ಅದೀರೇನಂತ ಕೇಳಾಕ ಗುರುತು ಬೇಕಾಗಿರ್ಲಿಲ್ಲ? ಪೇಪರ್‌ದಾಕಿ ಅಂತ ಊರ ಮಂದಿ ಮನಿ ಎಲ್ಲಾ ಹೊಕ್ಕು ಬರತಿದ್ದಿ. ಹೋಗು. ಕೈಬೀಸ್ಕೊಂಡು ಹೋಗಬ್ಯಾಡ, ಬಾಳೆಹಣ್ಣರ ಒಯ್ಯಿ.”

ಪ್ರಾಧ್ಯಾಪಕಿ ಆ ತಾಯಿಯನ್ನು ಕೇಳಿ ವಿಳಾಸ ಕೊಟ್ಟರು. ಬಸ್ಸಿನಲ್ಲಿ ಕಣಿವೆಯ ಊರೊಂದಕ್ಕೆ ಹೋದೆ. ಸಾಲು ಮನೆಗಳು, ಬಾಗಿಲುಗಳೆಲ್ಲ ಮುಚ್ಚಿದ್ದವು. ನಮ್ಮಲ್ಲಿ ಸಾವಾದ ಮನೆ ಹೊರಗೆ ಬಿಟ್ಟ ಚಪ್ಪಲಿಗಳಿಂದಲೇ ಗೊತ್ತಾಗುತ್ತದೆ. ಇಲ್ಲಿ ಯಾವ ಗುರುತೂ ಇಲ್ಲ. ಬಾಗಿಲು ತೆರೆದ ಓವೆನ್‌ನ ತಾಯಿ ಮಾರ್ಗರೆಟ್ ಬಾಳೆಹಣ್ಣು ಇಸಿದುಕೊಂಡು ಏನು ಮಾಡಬೇಕೆಂದು ತೋಚದೆ ಎದೆಗವಚಿ ನಿಂತರು.

ನಾನು ಕೇಳಬೇಕಾದ್ದನ್ನೆಲ್ಲ ಕೇಳಿದೆ. ಹೇಗಾಯಿತು, ಕೊನೆಗೆ ಏನು ಉಂಡಿದ್ದ, ಯಾರು ಮೊದಲು ಹೇಳಿದರು. ಅವರು ಅತ್ತರು, ಹೇಳಿದರು, ಮತ್ತೆ ಹೇಳಿದರು.

“ಇಷ್ಟು ದಿನ ಯಾರೂ ಇದನ್ನು ಕೇಳಲಿಲ್ಲ,” ಎಂದರು. “ಹವಾಮಾನ ಮಾತಾಡಿ ಹೋಗುತ್ತಾರೆ.”

ಒಳಕೋಣೆಯಲ್ಲಿ ಕಂಪ್ಯೂಟರ್ ತೆರೆದೇ ಇತ್ತು. ಪರದೆಯ ಮೇಲೆ ಅದೇ ಥ್ರೆಡ್.

“ಕೋರ್ಸ್ ಮುಗಿಯುವವರೆಗಾದರೂ ಇದನ್ನು ಇರಗೊಡಿ ಅಂತ ನಿಮ್ಮ ಪ್ರಾಧ್ಯಾಪಕಿಗೆ ಅನ್ನುತ್ತೀಯಾ? ನಾನು ಮತ್ತೆ ಬರೆಯುವುದಿಲ್ಲ. ಅವನ ಮಾತು ಯಾರಾದರೂ ಓದುತ್ತಾರೆ ಅಂತ ಗೊತ್ತಿದ್ದರೆ ಸಾಕು.”

“ಕೇಳುತ್ತೇನೆ,” ಎಂದೆ.

ಬಾಗಿಲವರೆಗೆ ಬಂದು ಅವರು “ತರಾ, ಲವ್” ಎಂದರು. ಆ ಕಡೆಯ ಬೀಳ್ಕೊಡುವ ಮಾತು ಅದು. ಎದುರಿನವರೂ ‘ತರಾ’ ಅನ್ನಬೇಕು. ಅವರು ಕಾದು ನಿಂತರು. ನಾನು ಅನ್ನಲಿಲ್ಲ. ಕೈಮುಗಿಯಲಿಲ್ಲ, ತಿರುಗಿ ನೋಡಲಿಲ್ಲ, ಹೊರಟುಬಂದೆ. ಸಾವಾದ ಮನೆಯಲ್ಲಿ ‘ಬರತೇನಿ’ ಅಂದರೆ ಅಂಥದೇ ಕೆಲಸಕ್ಕೆ ಮತ್ತೆ ಬರಬೇಕಾದೀತೆಂದು ನಮ್ಮಲ್ಲಿ ಹೇಳದೆ ಎದ್ದು ಬರುತ್ತೇವೆ. ಅದು ಯೋಚಿಸಿ ಮಾಡುವುದಲ್ಲ, ಕಾಲೇ ಮಾಡುತ್ತದೆ.

ಮರುದಿನ ಪ್ರಾಧ್ಯಾಪಕಿಯ ಬಳಿ ಹೋದೆ. ಮಾರ್ಗರೆಟ್ ನನಗಿಂತ ಮೊದಲೇ ಅವರಿಗೆ ಫೋನ್ ಮಾಡಿದ್ದರು. ಬಂದ ಹುಡುಗಿ ಹೆದರಿ, ಒಂದು ಮಾತೂ ಆಡದೆ, ಹಿಂತಿರುಗಿಯೂ ನೋಡದೆ ಹೋದಳು, ಸತ್ತವನನ್ನು ಮಕ್ಕಳೆದುರು ಇಡುವುದು ತಪ್ಪು, ತೆಗೆದುಬಿಡಿ ಎಂದಿದ್ದರು. ತೆಗೆದಾಗಿತ್ತು. ತಿರುಗಿ ತರಲು ಬರುತ್ತದೆಯೇ ಎಂದು ಕೇಳಿದೆ. ಬರುವುದಿಲ್ಲ ಎಂದರು. ಕೆಳಗಿನ ಥ್ರೆಡ್ ಒಂದು ಮೆಟ್ಟಿಲು ಮೇಲೇರಿ ಆ ಜಾಗದಲ್ಲಿ ಕೂತಿತ್ತು. ಕೋರ್ಸ್ ಮುಗಿಯುವ ತನಕ ಫಲಕ ತೆರೆದಾಗಲೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಆ ಭಾನುವಾರ ಮತ್ತೆ ಕಣಿವೆಗೆ ಹೋದೆ. ಬಾಗಿಲಲ್ಲೇ ನಿಂತು ನಮ್ಮ ಪದ್ಧತಿ ವಿವರಿಸಿದೆ. ಮಾರ್ಗರೆಟ್ ಬಾಗಿಲನ್ನು ಇನ್ನಷ್ಟು ತೆರೆದರು.

“ಹಾಗಾದರೆ ನನ್ನ ಮನೆಗೆ ಕೇಡಾಗಬಾರದೆಂದು ಸುಮ್ಮನೆ ಹೋದೆಯಾ?”

“ಹೌದು.”

“ಇನ್ನು ಕೇಡಾಗಲು ಈ ಮನೆಯಲ್ಲಿ ಯಾರಿದ್ದಾರೆ? ಹೇಳಿ ಹೋಗು. ಅವನೂ ಅವತ್ತು ಹೇಳದೆ ಹೋದ.”

ಹೇಳಿದೆ. ಮತ್ತೆ ಬರುತ್ತೇನೆ ಎಂದು ಅವರ ಭಾಷೆಯಲ್ಲಿ, ಅವರ ಕೈ ಹಿಡಿದು, ಸ್ಪಷ್ಟವಾಗಿ ಹೇಳಿದೆ. ಅವರ ಮುಖ ಸಡಿಲವಾಯಿತು. ಆ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಆ ಮಾತು ಇನ್ನಾರ ಮನೆಗೆ ಹತ್ತೀತೆಂಬುದು ನನಗೆ ಬಸ್‌ಸ್ಟಾಪಿಗೆ ನಡೆಯುವಾಗ ಹೊಳೆಯಿತು.

ಬಸ್ ಹತ್ತಿದವಳೇ ಅಕ್ಕನಿಗೆ ಫೋನ್ ಹಚ್ಚಿದೆ. ಗಂಟೆ ಬಾರಿಸುತ್ತಲೇ ಇತ್ತು. ಕೊನೆಗೆ ಎತ್ತಿದಳು.

“ಯಾಕ, ದನಿ ಹಿಂಗ್ಯಾಕ ಆಗೇತಿ?”

“ಏನಿಲ್ಲ. ಸುಮ್ನ ಮಾಡ್ದೆ.”

“ಒಲಿ ಮ್ಯಾಲೆ ಹಾಲ ಅದಾವ, ಫೋನ ಇಡ್ಲೇನು?”

“ಇಡಬ್ಯಾಡ. ಇನ್ನೊಂದೀಟು ಮಾತಾಡು.”

ಅವಳು ರಾಮದುರ್ಗದ ಬಸ್ಸಿನ ಗದ್ದಲ, ಪೇಟೆಯ ಬೆಲ್ಲದ ದರ ಎಲ್ಲ ಹೇಳತೊಡಗಿದಳು. ಕಿಟಕಿಯಾಚೆ ವೇಲ್ಸ್‌ನ ಕಪ್ಪು ಗುಡ್ಡಗಳು ಸರಿಯುತ್ತಿದ್ದವು. ನಾನು ಎಲ್ಲಿಂದ ಬರುತ್ತಿದ್ದೇನೆ, ಅಲ್ಲಿ ಏನು ಹೇಳಿ ಬಂದೆ ಎಂದು ಅವಳಿಗೆ ಹೇಳಲಿಲ್ಲ. ಮನೆಯ ಒಬ್ಬೊಬ್ಬರ ಹೆಸರನ್ನೂ ಬಿಡದೆ ಕೇಳುತ್ತ ಹೋದೆ.