ನಾಲ್ಕು ಬಾಯಿಯ ಕಾರು

ನಮ್ಮ ಹಳೇ ಕಾರಿಗೆ ಬೈಕಿನ ಥ್ರಾಟಲ್ ಬಾಡಿ ಕೂರಿಸುತ್ತೇನೆ ಎಂದಾಗ ಅವ್ವ ಒಲೆ ಮುಂದಿನಿಂದಲೇ ಕೇಳಿದಳು, "ಅದೇನ್ಲಾ ಅದು?"

ಎಂಜಿನ್ನು ಗಾಳಿ ಎಳೆದುಕೊಳ್ಳುವ ಬಾಯಿ ಎಂದೆ. ಕಾರಿಗಿರುವುದು ಒಂದೇ, ದೊಡ್ಡ ಬೈಕಿಗೆ ಸಿಲಿಂಡರಿಗೊಂದರಂತೆ ನಾಲ್ಕು.

"ಒಂದು ಬಾಯಿಗೇ ಪೆಟ್ರೋಲ್ ಹಾಕಾಕಾಗ್ದೆ ಒದ್ದಾಡ್ತೀಯ, ನಾಕು ಬಾಯಿ ಬೇರೆ ಕೇಡು! ಭಾನುವಾರ ರಾವಂದೂರಿಗೆ ನಿಮ್ಮಾವನ ಮನೆ ಊಟಕ್ಕೆ ಇದ್ರಲ್ಲೇ ಓಗಾನ. ದಾರೀಲಿ ನಿಂತ್ರೆ ನಿಮ್ಮಾವಂಗೆ ಮಾರ್ಬುಡಾದು."

ಮಾವ ಆ ಕಾರಿನ ಮೇಲೆ ಕಣ್ಣಿಟ್ಟು ಎಷ್ಟೋ ಕಾಲವಾಗಿತ್ತು. ನಾನು ಸ್ಟೇರಿಂಗ್ ಹಿಡಿಯಲು ಕಲಿತಿದ್ದೇ ಅದರಲ್ಲಿ. ಅದನ್ನು ಮಾವನ ಮನೆ ಮುಂದೆ ನೋಡುವುದಕ್ಕಿಂತ ನಾನೇ ಮಾರಾಟವಾಗುವುದು ಮೇಲು ಅನ್ನಿಸಿತು.

ಹುಣಸೂರಿನಲ್ಲಿ ಗ್ಯಾರೇಜಿಟ್ಟಿರುವ ನನ್ನ ಗೆಳೆಯ ಗುಜರಿಯಿಂದ ಒಂದು ಸೆಟ್ ತಂದ. ಬೈಕಿನ ಬಾಯಿಗಳು ಒತ್ತೊತ್ತಾಗಿವೆ, ಕಾರಿನ ತೂತುಗಳು ದೂರ ದೂರ. ನಡುವೆ ಪಂಪ್‌ಸೆಟ್ಟಿನ ರಬ್ಬರ್ ಪೈಪು ಕತ್ತರಿಸಿ ಹಾಕಿ ಕ್ಲಾಂಪು ಬಿಗಿದೆವು. ಬಾಯಿಗಳಿಗೆ ಮುಚ್ಚುವ ಫಿಲ್ಟರ್ ಮಾತ್ರ ಸಿಗಲಿಲ್ಲ. "ಇರ್ಲಿ ಬುಡ್ಲಾ, ಬಾಯಿ ಬುಟ್ಕಂಡೇ ಓಗ್ಲಿ" ಅಂದ. ಸ್ಟಾರ್ಟ್ ಮಾಡಿದರೆ ಆ ಸದ್ದಿಗೆ ಪಕ್ಕದ ಮನೆ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ನಮಗೆ ಹೆಮ್ಮೆಯೋ ಹೆಮ್ಮೆ.

ಭಾನುವಾರ ಅವ್ವ ಪೂಜೆ ಮಾಡದೆ ಹತ್ತುವುದಿಲ್ಲ ಅಂದಳು. ಬಾನೆಟ್ ಎತ್ತಿಟ್ಟು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಅವಳೇ ಬಾನೆಟ್ಟನ್ನು ದಬಕ್ಕನೆ ಹಾಕಿ ಮುಂದಿನ ಸೀಟಿನಲ್ಲಿ ಕೂತಿದ್ದಳು. ಗೆಳೆಯನನ್ನು ಹಿಂದೆ ಹತ್ತಿಸಿಕೊಂಡು ಹೊರಟೆವು. ಪಿರಿಯಾಪಟ್ಟಣದ ರಸ್ತೆ ಸಿಕ್ಕಿದ್ದೇ ತಡ, ಆಕ್ಸಿಲರೇಟರ್ ತುಳಿದೆ. ಕಾರು ಕೆಮ್ಮಿತು, ನಡುಗಿತು, ಹೊಗೆಸೊಪ್ಪು ಒಣಗಿಸುವ ಒಂದು ಬ್ಯಾರನ್ ಮನೆ ಮುಂದೆ ನಿಂತೇ ಹೋಯಿತು.

"ಈಗ್ಲೇ ನಿಮ್ಮಾವಂಗೆ ಏಳ್ತೀನಿ" ಎಂದು ಅವ್ವ ಫೋನ್ ಮಾಡಿದಳು. ಮಾವ ಎತ್ತಲಿಲ್ಲ. ನನಗೆ ಅಳು ಬರುವುದೊಂದು ಬಾಕಿ.

ಬಾನೆಟ್ ಎತ್ತಿದರೆ ಮೂರು ಬಾಯಿಗಳಲ್ಲಿ ಸೇವಂತಿಗೆ ಹೂವು ಸಿಕ್ಕಿಕೊಂಡು ಕೂತಿವೆ!

"ಯಾರ್ಲಾ ಇದ ತುರುಕ್ದೋರು?" ಗೆಳೆಯ ಕೂಗಿದ.

"ನಾನೇ ಕಣ. ನಾಕೂ ಬಾಯಿ ಬುಟ್ಕಂಡು ಕುಂತಿದ್ವು. ಹೂವ ಇಡಾಕೇ ಮಾಡವ್ರೆ ಅಂದ್ಕಂಡೆ" ಎನ್ನುತ್ತಾ ಅವ್ವ ಇಳಿದು ಬಂದಳು.

ನನಗೆ ಮೈಯೆಲ್ಲ ಉರಿಯಿತು. "ನಿನ್ನಿಂದ್ಲೇ ನಿಂತಿದ್ದು, ಇದು ಲೆಕ್ಕಕ್ಕಿಲ್ಲ!"

"ನಿಂತಿದ್ದು ನಿಂತಿದ್ದೇ" ಅಂದವಳು, ಹೂವು ಎಣಿಸಿ ಕೇಳಿದಳು, "ನಾಕ್ನೇದು ಎಲ್ಲಿ?"

ಗೆಳೆಯ ಬೆರಳು ಹಾಕಿ ನೋಡಿದ, ಮೊಬೈಲ್ ಟಾರ್ಚು ಬಿಟ್ಟು ನೋಡಿದ. "ಇಲ್ಲ ಕಣವ್ವ. ಎಂಜಿನ್ನು ಒಳಿಕ್ಕೆ ಎಳ್ಕಂಬುಟ್ಟದೆ."

ಅವ್ವನ ಮುಖವೇ ಬದಲಾಯಿತು. ಸೆರಗು ಹೊದ್ದು ಎಂಜಿನ್ನಿಗೆ ಕೈಮುಗಿದಳು. ಅಷ್ಟರಲ್ಲಿ ಮಾವನೇ ತಿರುಗಿ ಫೋನ್ ಮಾಡಿದ.

"ಮಾರಾಕಿಲ್ಲ ಕಣಪ್ಪ. ಇಟ್ಟ ಹೂವ ಒಳಿಕ್ಕೆ ತಕ್ಕಂಡದೆ. ಇದಿನ್ನು ಗಾಡಿಯಲ್ಲ, ದೇವ್ರು."

ಖುಷಿಗೆ ನಾನು ಗೆಳೆಯನನ್ನು ತಬ್ಬಿಕೊಂಡೆ. ಅವ್ವ ಫೋನಿನಲ್ಲಿ ಮುಂದುವರಿಸಿದಳು.

"ಊಟಕ್ಕೆ ತಡ ಆಯ್ತದೆ, ಬಸ್ಸಲ್ಲಿ ಬತ್ತೀವಿ. ದೇವ್ರ ಮೇಲೆ ಯಾರಾನ ಕುಂತ್ಕಂಡು ಓಡಾಡ್ತಾರಾ?"